ಆಯುಧಪೂಜೆಗೆ ಮುಂಚೆ ಬ್ರೌಸರ್ ಬದಲಾಯಿಸಿದ್ದು

ಕರೆಂಟು ಹೋಗಬಹುದಿತ್ತು. ಕರೆಂಟು ಹೋದಾಗ ಕಾಯಬೇಕಾದ ಯುಪಿಎಸ್ಸು ಒಂದು ಸಲ ಕಿರುಚಿ ತಾನೇ ಪ್ರಾಣ ಬಿಡಬಹುದಿತ್ತು. ನಮ್ಮ ಬೀದಿಗೆ ಕೊಂಬೆ ಕಡಿಯುವವರು ಬಂದು ಕೊಂಬೆಯ ಜೊತೆಗೆ ತಂತಿಯನ್ನೂ ಕಡಿಯಬಹುದಿತ್ತು. ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ಕಂಪ್ಯೂಟರು ತಾನಾಗಿ ಮುಚ್ಚಿ, ತಾನಾಗಿ ತೆರೆದು, ‘ನಿಮಗಾಗಿ ಎಲ್ಲವನ್ನೂ ಸರಿಮಾಡಿದ್ದೇನೆ’ ಎಂದು ಹಲ್ಲು ಕಿರಿಯಬಹುದಿತ್ತು. ಹೊಸ ಬ್ರೌಸರು ಕನ್ನಡದ ಒತ್ತುಗಳನ್ನೆಲ್ಲ ಅಕ್ಷರದ ಕೆಳಗಿನಿಂದ ಎಬ್ಬಿಸಿ ಪಕ್ಕದಲ್ಲಿ ಕೂರಿಸಬಹುದಿತ್ತು. ಹೊಸ ನ್ಯೂಸ್ ರೀಡರು ನನ್ನ ಅಕ್ಕನಿಗೆ ಏನಿಷ್ಟ ಎಂದು ತಾನೇ ಊಹಿಸಿ, ಬೆಳಗಾಗೆದ್ದು ಅವಳಿಗೆ ಕ್ರಿಕೆಟ್ಟು ಮತ್ತು ವಾರಭವಿಷ್ಯ ಬಡಿಸಬಹುದಿತ್ತು. ಪೆನ್‌ಡ್ರೈವು ಅಂಗಿಯ ಜೇಬಿನಲ್ಲೇ ವಾಷಿಂಗ್ ಮೆಷಿನ್ನಿಗೆ ಹೋಗಬಹುದಿತ್ತು, ಹಿಂದೊಮ್ಮೆ ಹೋಗಿದೆ. ನನ್ನ ಹೆಂಡತಿ ಹಬ್ಬದ ಒದ್ದೆ ಬಟ್ಟೆಯಲ್ಲಿ ಕೀಬೋರ್ಡು ಒರೆಸುತ್ತ ಒತ್ತಬಾರದ್ದೊಂದನ್ನು ಒತ್ತಬಹುದಿತ್ತು. ಅವಳು ಒತ್ತದಿದ್ದರೆ ಗಾಬರಿಯಲ್ಲಿ ನಾನೇ ಒತ್ತಬಹುದಿತ್ತು. ಕೊನೆಯದಾಗಿ, ಶನಿವಾರ ಮಧ್ಯಾಹ್ನ ಆಪಾ ಬಂದು ಕುರ್ಚಿಯಲ್ಲಿ ಕೂತು ಪರದೆಯತ್ತ ಮುಖ ಎತ್ತಿದಾಗ ಅಲ್ಲಿ ಏನೂ ಇಲ್ಲದಿರಬಹುದಿತ್ತು.

ಉಳಿದವನ್ನೆಲ್ಲ ನೆನೆದು ನನ್ನನ್ನು ನಾನೇ ಗೇಲಿ ಮಾಡಿಕೊಳ್ಳುತ್ತಿದ್ದೆ. ಈ ಕೊನೆಯದನ್ನು ನೆನೆದಾಗ ಮಾತ್ರ ಎದ್ದು ಹೋಗಿ ಪರದೆ ಉರಿಯುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ.

ಹಲಸೂರಿನಲ್ಲಿ, ಮರ್ಫಿ ಟೌನಿಗೆ ಬೆನ್ನು ತಾಗಿಸಿಕೊಂಡ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆ. ಇರುವವರು ನಾನು, ನನ್ನ ಹೆಂಡತಿ, ಮತ್ತು ಟೀಚರಾಗಿದ್ದು ನಿವೃತ್ತಳಾದ ನನ್ನ ಅಕ್ಕ. ಹಜಾರದ ಮೂಲೆಯ ಕಂಪ್ಯೂಟರನ್ನೂ ಮನೆಯವರ ಜೊತೆ ಸೇರಿಸಬಹುದು. ವಯಸ್ಸಾಗಿದೆ, ಏಳುವುದಕ್ಕೆ ಹೊತ್ತು ಬೇಕು, ಸುಮ್ಮನೆ ಕೂತಾಗಲೂ ಏದುಸಿರು ಬಿಡುತ್ತದೆ. ಅದನ್ನು ಹೆಚ್ಚು ಬಳಸುವವಳು ಅಕ್ಕ. ಫೋನಿನ ಅಕ್ಷರ ಅವಳ ಕಣ್ಣಿಗೆ ಇರುವೆಯ ಸಾಲು. ದೊಡ್ಡ ಪರದೆಯಲ್ಲಿ ಅಕ್ಷರಗಳನ್ನು ಅಂಗಡಿಯ ಬೋರ್ಡಿನಷ್ಟು ಹಿಗ್ಗಿಸಿಕೊಂಡು, ಕಾಫಿ ಲೋಟ ಹಿಡಿದು ಬೆಳಿಗ್ಗೆ ಕೂತರೆ ಅವಳಿಗೆ ಅದೇ ಪೇಪರು, ಅದೇ ಲೈಬ್ರರಿ.

ಅವಳಿಗೆಂದು ಬಹಳ ಹಿಂದೆ ಬ್ರೌಸರಿನೊಳಗೆ ಒಂದು ನ್ಯೂಸ್ ರೀಡರನ್ನು ಕೂಡಿಸಿಕೊಟ್ಟಿದ್ದೆ. ಅದರ ಕೆಲಸ ಸರಳ. ನಮಗೆ ಬೇಕಾದ ಸೈಟುಗಳ ವಿಳಾಸ ಕೊಟ್ಟುಬಿಟ್ಟರೆ, ಎಲ್ಲೆಲ್ಲಿ ಹೊಸದಾಗಿ ಏನು ಬರೆದಿದ್ದಾರೋ ಅದನ್ನು ತಾನೇ ಹೋಗಿ ಹೊತ್ತು ತಂದು ಒಂದೇ ಕಡೆ ಸಾಲಾಗಿ ಇಡುತ್ತದೆ. ಅಕ್ಕನ ಸಾಲಿನಲ್ಲಿ ಅಡುಗೆಯದೊಂದಿತ್ತು, ಹಕ್ಕಿಗಳದೊಂದಿತ್ತು, ಪದಬಂಧದ್ದೊಂದಿತ್ತು. ಮತ್ತೆ ಆಪಾರದೊಂದಿತ್ತು.

ಆಪಾ ಅಕ್ಕನ ಗೆಳತಿ. ಶಿವಾಜಿನಗರದ ಒಂದು ಶಾಲೆಯಲ್ಲಿ ಇಬ್ಬರೂ ಜೊತೆಯಲ್ಲಿ ಪಾಠ ಮಾಡಿದವರು. ಅಕ್ಕ ಕನ್ನಡಕ್ಕೆ, ಅವರು ಗಣಿತಕ್ಕೆ. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಅಕ್ಕ ಅವರನ್ನು ಆಪಾ ಎಂದಳು. ಅಕ್ಕ ಎಂದಳೆಂದು ನಾವೂ ಅಂದೆವು. ಮನೆಯಲ್ಲಿ ದಖ್ನಿ ಉರ್ದು, ಕ್ಲಾಸಿನಲ್ಲಿ ಕನ್ನಡ, ತರಕಾರಿಯವನ ಜೊತೆ ಜಗಳಕ್ಕೆ ತಮಿಳು, ಹೀಗೆ ಒಂದೊಂದು ಭಾಷೆಗೆ ಒಂದೊಂದು ಕೆಲಸ ಹಚ್ಚಿದ್ದ ಹೆಂಗಸು. ನಿವೃತ್ತಿಯಾದ ಮೇಲೆ ಅಂತರ್ಜಾಲದಲ್ಲಿ ತಮ್ಮದೇ ಒಂದು ಪುಟ ಮಾಡಿಕೊಂಡು ಬರೆಯಲು ಕೂತರು. ಕನ್ನಡದಲ್ಲೇ ಯಾಕೆ ಎಂದು ನಾನು ಕೇಳಿದ್ದಕ್ಕೆ, “ನಿಮ್ಮಕ್ಕ ತಿದ್ದಬೇಕಲ್ಲಪ್ಪಾ, ಇಲ್ದಿದ್ರೆ ಅವಳಿಗೆ ಹೊತ್ತು ಹೋಗಲ್ಲ” ಎಂದಿದ್ದರು.

ಬರೆದದ್ದೆಲ್ಲ ಸಣ್ಣಸಣ್ಣದು. ಶಾಲೆಯ ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ಇಬ್ಬರು ಟೀಚರುಗಳು ಮಕ್ಕಳೆದುರೇ ಕಿತ್ತಾಡಿದ್ದು. ರಂಜಾನಿನಲ್ಲಿ ಆಪಾ ಉಪವಾಸವಿದ್ದಾರೆಂದು ಅಕ್ಕನೂ ಡಬ್ಬಿ ಮುಚ್ಚಿಟ್ಟು, ಮಧ್ಯಾಹ್ನದ ಹೊತ್ತಿಗೆ ವ್ಯಾಕರಣ ಹೇಳುತ್ತ ಹೇಳುತ್ತ ಬೆಂಚಿನ ಮೇಲೆ ಕುಸಿದು, ಕೊನೆಗೆ ಉಪವಾಸವಿದ್ದವರೇ ಅವಳ ಬಾಯಿಗೆ ಅನ್ನ ಇಟ್ಟದ್ದು. ಓದುಗರು ಬೆರಳೆಣಿಕೆ. ಅವರಲ್ಲಿ ಒಬ್ಬಳು ಅಕ್ಕ, ಒಬ್ಬ ನಾನು. ಮೂರನೆಯವರು ಯಾರೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಕಳೆದ ವರ್ಷ ಆಪಾಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಅವರು ಆಸ್ಪತ್ರೆಯಲ್ಲಿದ್ದಾಗಲೇ ಅವರ ಪುಟಕ್ಕೆ ಜಾಗ ಕೊಟ್ಟಿದ್ದ ಸೈಟು ಬಾಗಿಲು ಮುಚ್ಚಿತು. ಮುಂಚಿತವಾಗಿ ಮೇಲ್ ಕಳಿಸಿದ್ದರಂತೆ. ಆಗ ಆಪಾರ ಮೇಲ್ ನೋಡುವವರು ಯಾರು? ಮನೆಯವರೆಲ್ಲ ಐಸಿಯುವಿನ ಬಾಗಿಲು ನೋಡುತ್ತಿದ್ದರು. ವಿಷಯ ಗೊತ್ತಾಗುವ ಹೊತ್ತಿಗೆ ಪುಟ ಇರಲಿಲ್ಲ. ಆಪಾರ ಸ್ವಂತ ಲ್ಯಾಪ್‌ಟಾಪಿನಲ್ಲೂ ಏನೂ ಇರಲಿಲ್ಲ, ಅವರು ಎಲ್ಲವನ್ನೂ ನೇರ ಸೈಟಿನಲ್ಲೇ ಬರೆಯುತ್ತಿದ್ದರು.

ಉಳಿದದ್ದು ನಮ್ಮ ಹಜಾರದ ಮೂಲೆಯಲ್ಲಿ. ಅಕ್ಕನ ರೀಡರು ತಾನು ತಂದದ್ದನ್ನು ಎಸೆದಿರಲಿಲ್ಲ. ಆಪಾ ಬರೆದದ್ದೆಲ್ಲ, ಮೊದಲಿನದರಿಂದ ಕೊನೆಯದರವರೆಗೆ, ಅದರ ಹೊಟ್ಟೆಯಲ್ಲಿತ್ತು.

ಆಮೇಲೆ ಒಂದು ಕ್ರಮ ಬಿದ್ದುಹೋಯಿತು. ಶನಿವಾರ ಮಧ್ಯಾಹ್ನ ಆಪಾರ ಸೊಸೆ ಅವರನ್ನು ಫ್ರೇಜರ್ ಟೌನಿನಿಂದ ಆಟೋದಲ್ಲಿ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು ಕಮರ್ಷಿಯಲ್ ಸ್ಟ್ರೀಟಿಗೆ ಹೋಗುತ್ತಾರೆ. ಅಕ್ಕ ಕಂಪ್ಯೂಟರಿನ ಮುಂದೆ ಕೂತು, ಆಪಾರ ಬರಹವನ್ನು ಆಪಾಗೇ ಓದಿ ಹೇಳುತ್ತಾಳೆ. ಶುರು ಯಾವಾಗಲೂ ಬಸ್ಸಿನದರಿಂದ, ಯಾಕೆಂದರೆ ಆಪಾ ಬರೆದ ಮೊದಲನೆಯದು ಅದು. ಮಧ್ಯೆ ಅಕ್ಕ ಉಸಿರು ತೆಗೆದುಕೊಳ್ಳಲು ನಿಂತರೆ ಆಪಾ, ಮರಳಿ ಬಂದ ಕೆಲವೇ ಮಾತುಗಳಲ್ಲಿ ಒಂದನ್ನು ಹೇಳುತ್ತಾರೆ: “ಫಿರ್?” ಆಮೇಲೆ? ತಾವೇ ಬರೆದ ಕಥೆಗೆ ಆಮೇಲೇನಾಯಿತು ಎಂದು ಕೇಳುತ್ತಾರೆ. ನಗಬೇಕಾದ ಜಾಗ ಬರುವ ಸ್ವಲ್ಪ ಮೊದಲೇ ನಗುತ್ತಾರೆ. ಅದರಿಂದ ಅವರಿಗೆ ಎಲ್ಲ ನೆನಪಿದೆ ಎಂದು ನಮಗೆ ಗೊತ್ತು.

ಹೀಗಿರುವಾಗ ದಸರೆಯ ವಾರದಲ್ಲಿ ಬ್ರೌಸರು ತಲೆಯ ಮೇಲೊಂದು ಪಟ್ಟಿ ಕಟ್ಟಿಕೊಂಡು ಕೂತಿತು. ಹೊಸ ಆವೃತ್ತಿ ಇಳಿದು ಸಿದ್ಧವಾಗಿದೆ. ಮುಂದಿನ ಸಲ ತೆರೆದಾಗ ಜಾರಿಗೆ ಬರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ನಿಮ್ಮ ನ್ಯೂಸ್ ರೀಡರ್ ಹೊಸ ಆವೃತ್ತಿಯಲ್ಲಿ ಕೆಲಸ ಮಾಡುವುದಿಲ್ಲ, ತೆಗೆದುಹಾಕಲಾಗುವುದು.

ಸಣ್ಣ ಅಕ್ಷರಗಳನ್ನು ಓದುವುದು ನನ್ನ ಜೀವಮಾನದ ಚಟ. ಅವತ್ತು ಮಾತ್ರ ಓದಬಾರದಿತ್ತು ಅನಿಸಿತು. ಆ ಗಳಿಗೆಯಿಂದ ನಮ್ಮ ಕಂಪ್ಯೂಟರನ್ನು ಆರಿಸುವುದು ನಿಷಿದ್ಧವಾಯಿತು. ಸ್ವಿಚ್ಚಿನ ಮೇಲೆ ಪ್ಲಾಸ್ಟರು ಅಂಟಿಸಿದೆ. ಆಫೀಸಿನಿಂದ ಫೋನ್ ಮಾಡಿ, ಮನೆಯವರ ಆರೋಗ್ಯ ಕೇಳುವ ಧಾಟಿಯಲ್ಲಿ ‘ಆನ್ ಇದೆಯಾ?’ ಎಂದು ಕೇಳತೊಡಗಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳೂ ಕಾಯಲು ಕೂರುತ್ತಾಳೆ, ಆಮೇಲೆ ನಾನು ಅವಳನ್ನೂ ಕಾಯಬೇಕಾಗುತ್ತದೆ.

ಹೆಂಡತಿಗೆ ಹೇಳಲೇಬೇಕಾಯಿತು. ಅವಳ ತಂದೆ ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಓಡಿಸಿದವರು. ಆಯುಧಪೂಜೆಯ ದಿನ ಅಲ್ಲಿ ಯಂತ್ರಗಳೆಲ್ಲ ನಿಂತು, ಇಡೀ ಶೆಡ್ಡು ಕುಂಬಳಕಾಯಿ ಒಡೆಯುವ ಸದ್ದಿಗೆ ಮಾತ್ರ ಕಿವಿಗೊಡುತ್ತಿತ್ತಂತೆ. ಆ ಶಿಸ್ತು ನಮ್ಮ ಮನೆಗೆ ಬಳುವಳಿಯಾಗಿ ಬಂದಿದೆ. ಅವತ್ತು ಮಿಕ್ಸಿ, ಹೊಲಿಗೆ ಮೆಷಿನ್ನು, ಸ್ಕೂಟರು, ಕಂಪ್ಯೂಟರು ಎಲ್ಲವೂ ಮೈ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ವಿಶ್ರಾಂತಿ ಪಡೆಯಬೇಕು. ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ.

“ಈ ಸಲ ಅದೊಂದನ್ನ ಆಫ್ ಮಾಡೋದು ಬೇಡ” ಎಂದೆ.

“ಯಾಕೆ? ಅದಕ್ಕೆ ಮಾತ್ರ ಓವರ್‌ಟೈಮಾ?”

“ಸ್ಲೀಪ್‌ಗೆ ಹಾಕ್ತೀನಿ. ನಿದ್ದೆ ಮಾಡ್ತಿರತ್ತೆ.”

“ನಿದ್ದೆ ಮಾಡೋರಿಗೆ ಯಾರಾದ್ರೂ ಆರತಿ ಎತ್ತುತಾರೇನ್ರೀ?”

ಆಗ ವಿಷಯ ಹೇಳಿದೆ. ಅವಳು ಕೈಲಿದ್ದ ಬಟ್ಟೆಯನ್ನು ಹಿಂಡುತ್ತ ಕೇಳಿಸಿಕೊಂಡಳು. ಆಮೇಲೆ, “ಹಬ್ಬ ಇಲ್ದಿದ್ರೂ ಎಷ್ಟು ದಿನ ಹಂಗೇ ಇಟ್ಕೋತೀರಾ? ಒಂದ್ಸಲ ಕರೆಂಟ್ ಹೋದ್ರೆ ಮುಗೀತಲ್ಲ. ಪೂಜೆಗೆ ಮುಂಚೆ ಏನು ಮಾಡ್ಬೇಕೋ ಮಾಡಿ. ಡೆಡ್‌ಲೈನ್ ಅಂದ್ರೆ ಆಫೀಸಲ್ಲಿ ಮಾತ್ರನಾ?” ಎಂದಳು. ಸರಿಯಾದ ಮಾತು. ಸರಿಯಾದ ಮಾತು ಕೇಳಿದರೆ ನನಗೆ ಇನ್ನೂ ಗಾಬರಿಯಾಗುತ್ತದೆ.

ಹಬ್ಬದ ಹಿಂದಿನ ದಿನ ಆಫೀಸಿಗೆ ರಜೆ ಹಾಕಿ ಕೂತೆ. ಹಳೆಯ ಬ್ರೌಸರನ್ನು ಮುಚ್ಚದೆ, ಅದರ ಪಕ್ಕದಲ್ಲೇ ಹೊಸಬರನ್ನು ಒಬ್ಬೊಬ್ಬರನ್ನಾಗಿ ಕರೆದು ಪರೀಕ್ಷೆ ಮಾಡಿದೆ. ಮನೆಯಲ್ಲಿ ಕಾಯಿಲೆಯ ಹಿರಿಯರು ಮಲಗಿರುವಾಗ ಅವರಿಗೊಬ್ಬ ನರ್ಸನ್ನು ಹುಡುಕುವ ಹಾಗೆ, ತುದಿಗಾಲಲ್ಲಿ. ಮೊದಲನೆಯದು ಚುರುಕಾಗಿತ್ತು, ಆದರೆ ಅಕ್ಷರವನ್ನು ಅಕ್ಕನ ಅಳತೆಗೆ ಹಿಗ್ಗಿಸಿದೊಡನೆ ಸಾಲಿನ ಅರ್ಧ ಪರದೆಯ ಆಚೆಗೆ ನಡೆದುಹೋಗುತ್ತಿತ್ತು. ಎರಡನೆಯದು ನಮ್ಮ ಮುದಿ ಯಂತ್ರದ ಮೇಲೆ ಕೂತದ್ದೇ ಫ್ಯಾನು ವಿಮಾನದಂತೆ ಕೂಗತೊಡಗಿತು, ಅಡುಗೆಮನೆಯಿಂದ “ಗ್ರೈಂಡರ್ ಯಾರು ಹಾಕಿದ್ದು?” ಎಂಬ ಪ್ರಶ್ನೆ ಬಂತು. ಮೂರನೆಯದು ನಿಧಾನಿ. ಆದರೆ ಹಿಗ್ಗಿಸಿದಷ್ಟೂ ಸಾಲುಗಳನ್ನು ಮಡಿಸಿ ಪರದೆಯೊಳಗೇ ಇಡುತ್ತಿತ್ತು, ಒತ್ತುಗಳು ಅವುಗಳ ಜಾಗದಲ್ಲಿದ್ದವು. ಅದೇ ಸಾಕು ಎಂದುಕೊಂಡೆ. ಅದಕ್ಕೆ ಹೊಂದುವ ನ್ಯೂಸ್ ರೀಡರನ್ನೂ ಹಾಕಿದೆ.

ಈಗ ಹಳೆಯದರಿಂದ ಹೊಸದಕ್ಕೆ ಸಾಗಿಸುವುದು. ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಇಂಥ ವಿಷಯಗಳಲ್ಲಿ ಆಫೀಸಿನವರೆಲ್ಲ ಅವರನ್ನೇ ಹಿಡಿಯುತ್ತಾರೆ.

“ಅಯ್ಯ, ಅದೇನ್ ದೊಡ್ಡದ್ರೀ ಸರ್! ಎಕ್ಸ್‌ಪೋರ್ಟ್ ಅಂತ ಇರ್ತೈತಿ, ಒತ್ರಿ. ಒಂದ್ ಫೈಲ್ ಬರ್ತೈತಿ. ಹೊಸಾದ್ರಾಗ ಇಂಪೋರ್ಟ್ ಒತ್ರಿ. ಆತು. ಹಳೇದ್ ಕಿತ್ತ್ ಒಗೀರಿ.”

“ಎಲ್ಲಾ ಬರುತ್ತಾ?”

“ಎಲ್ಲಾ ಬರ್ತಾವ್ರೀ. ನೀವು ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ, ಚಾ ಕುಡೀರಿ.”

ಒತ್ತಿದೆ. ಫೈಲು ಬಂತು. ಹೊಸದರಲ್ಲಿ ಒತ್ತಿದೆ. ಅಡುಗೆ, ಹಕ್ಕಿ, ಪದಬಂಧ, ಆಪಾ, ಎಲ್ಲ ಹೆಸರುಗಳೂ ಎಡಗಡೆ ಸಾಲಾಗಿ ಬಂದು ನಿಂತವು. ಬೆನ್ನಿನ ಬೆವರು ತಣ್ಣಗಾಯಿತು. ಹಳೆಯದನ್ನು ಮುಚ್ಚಲು ಬಾಣವನ್ನು ಮೂಲೆಯ ಗುಣಿಸು ಚಿಹ್ನೆಯ ಮೇಲೆ ತಂದು ಇಟ್ಟದ್ದೂ ಆಯಿತು. ಒತ್ತಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಹೊರಗೆ ಬೀಗ ಹಾಕಿದ ಮೇಲೆ ಬೀಗವನ್ನು ಎಳೆದು ನೋಡಿ, ಬೀದಿ ತಿರುವಿನಿಂದ ವಾಪಸು ಬಂದು ಮತ್ತೆ ಎಳೆದು ನೋಡುವ ಜಾತಿಯವನಾದ್ದರಿಂದ. ಹೊಸದರಲ್ಲಿ ಆಪಾರ ಹೆಸರನ್ನು ಒತ್ತಿ ನೋಡಿದೆ.

ಬಲಗಡೆ ಬಿಳಿ. ಒಂದು ಸಾಲೂ ಇಲ್ಲ. ಹಕ್ಕಿಯದನ್ನು ಒತ್ತಿದರೆ ಹಕ್ಕಿಗಳು ಬಂದವು, ಅಡುಗೆಯದು ಬಂತು. ಆಪಾದು ಮಾತ್ರ ಬಿಳಿ.

ಆಗ ತಿಳಿಯಿತು. ಆ ಫೈಲು ಹೊತ್ತು ತಂದದ್ದು ವಿಳಾಸಗಳನ್ನು ಮಾತ್ರ, ಬರಹಗಳನ್ನಲ್ಲ. ಹೊಸ ರೀಡರು ವಿಳಾಸ ಹಿಡಿದು ಎಲ್ಲರ ಮನೆಗೂ ಹೋಗಿ ಹೊಸದಾಗಿ ಕೇಳಿ ತಂದಿತ್ತು. ಆಪಾರ ವಿಳಾಸದಲ್ಲಿ ಮನೆಯೇ ಇರಲಿಲ್ಲ. ಒಂದು ಬೆರಳು ಕೆಳಗಿಳಿದಿದ್ದರೆ ಹಳೆಯದೂ ಮುಚ್ಚಿಕೊಳ್ಳುತ್ತಿತ್ತು.

ಬಾಣವನ್ನು ಆ ಮೂಲೆಯಿಂದ ಎಷ್ಟು ಹುಷಾರಾಗಿ ಈಚೆಗೆ ಎಳೆದೆನೆಂದರೆ, ಮೌಸಿನ ಮೇಲೆ ನನ್ನ ಕೈ ಬೇರೆಯವರ ಕೈಯಂತೆ ಕಾಣುತ್ತಿತ್ತು.

“ಏನೋ ಅದು, ಆಪಾದು ಖಾಲಿ ಇದೆ?”

ಹಿಂದೆ ಅಕ್ಕ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

“ಖಾಲಿಯಲ್ಲ ಅಕ್ಕ. ಇದು ಹೊಸದು. ಹಳೇದರಲ್ಲಿ ಇದೆ.”

“ಹಳೇದರಲ್ಲಿ ಇದ್ಮೇಲೆ ಹೊಸದು ಯಾಕೆ?”

ಹೇಳಿದೆ. ಸುತ್ತಿ ಬಳಸಿ, ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಡುನಡುವೆ ಸಿಕ್ಕಿಸಿ ಹೇಳಿದೆ. ಅಕ್ಕ ಊಟದ ಮೇಜಿನ ಕುರ್ಚಿಯನ್ನು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?”

“ಗಾಬರಿಯಾಗ್ತೀಯಾ ಅಂತ.”

“ಗಾಬರಿ ಆಗೋದೆಲ್ಲ ನೀನೊಬ್ಬನೇ ಗುತ್ತಿಗೆ ತಗೊಂಡಿದೀಯೇನೋ?” ಎಂದಳು. ಹಳೆಯದರ ಕಡೆ ಬೆರಳು ತೋರಿಸಿದಳು. “ಅವಳ ಮಾತು ಹೋಯ್ತು. ಇರೋದು ಇದೊಂದೇ ಕಣೋ. ಇದೂ ಹೋದ್ರೆ ಶನಿವಾರ ಅವಳು ಬಂದು ‘ಫಿರ್’ ಅಂತಾಳೆ. ನಾನೇನು ಹೇಳ್ಲಿ?”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಒಂದೊಂದೇ ತೆಗೆದು ಫೋಟೋ ಹೊಡ್ಕೊಳ್ಳೋಣ, ಅತ್ತಿಗೆ” ಎಂದು ಫೋನು ತಂದು ಹೊಡೆದೇಬಿಟ್ಟಳು. ಚಿತ್ರದಲ್ಲಿ ಆಪಾರ ಬರಹಕ್ಕಿಂತ ಸ್ಪಷ್ಟವಾಗಿ ನನ್ನ ಬೋಳುತಲೆಯ ನೆರಳು ಬಂದಿತ್ತು. ಪ್ರಿಂಟರನ್ನು ಎಬ್ಬಿಸಲು ನೋಡಿದೆವು. ಅದರ ಇಂಕು ಯಾವಾಗಲೋ ಒಣಗಿತ್ತು. ಕೊನೆಗೆ ಹೊಸ ರೀಡರಿನ ಮೂಲೆಯಲ್ಲಿ ಒಂದು ಸಾಲು ಕಂಡಿತು: ನಾವಾಗಿ ಉಳಿಸಿಟ್ಟ ಪುಟಗಳನ್ನು ಕೊಟ್ಟರೆ ಅದು ತನ್ನ ಕಪಾಟಿಗೆ ಸೇರಿಸಿಕೊಳ್ಳುತ್ತದಂತೆ. ಇದೂ ಸಣ್ಣ ಅಕ್ಷರದಲ್ಲೇ ಇತ್ತು. ನನ್ನ ಚಟ ಒಮ್ಮೆಯಾದರೂ ಕೂಲಿ ಕೊಟ್ಟಿತು.

ಕೆಲಸ ಶುರುವಾಯಿತು. ಹಳೆಯದರಲ್ಲಿ ಒಂದು ಬರಹ ತೆರೆಯುವುದು, ಅದನ್ನು ಪೂರ್ತಿ ಪುಟವಾಗಿ ಉಳಿಸುವುದು, ಹೆಸರು ಕೊಡುವುದು, ಮುಂದಿನದಕ್ಕೆ ಹೋಗುವುದು. ಅಕ್ಕ ತಲೆಬರಹ ಓದುತ್ತಿದ್ದಳು, ನಾನು ಉಳಿಸುತ್ತಿದ್ದೆ, ಹೆಂಡತಿ ಉಳಿದಿದೆಯೇ ಎಂದು ತೆರೆದು ನೋಡುತ್ತಿದ್ದಳು. ನಡುವೆ ಅಕ್ಕ ತಲೆಬರಹ ಬಿಟ್ಟು ಒಳಗಿನದನ್ನು ಓದಲು ಹೊರಡುತ್ತಿದ್ದಳು.

“ಅಕ್ಕ, ಓದಬೇಡ. ಹೆಸರು ಮಾತ್ರ.”

“ಇಲ್ಲೊಂದು ತಪ್ಪಿದೆ ಕಣೋ, ‘ಹಾಗೂ’ ಬೇಡ ಇಲ್ಲಿ.”

“ತಪ್ಪಿನ ಜೊತೆಗೇ ಉಳೀಲಿ ಬಿಡಿ ಅತ್ತಿಗೆ” ಎಂದಳು ಹೆಂಡತಿ.

ಅರ್ಧ ಮುಗಿದಿರಬಹುದು, ದೀಪ ಕಣ್ಣು ಮಿಟುಕಿಸಿ ಆರಿತು. ಫ್ಯಾನು ನಿಂತಿತು. ಬೀದಿಯ ಕುಂಬಳಕಾಯಿ ಗಾಡಿಯವನು ತಮಿಳಿನಲ್ಲಿ ಬನ್ನಿ ಬನ್ನಿ ಎನ್ನುವ “ವಾಂಗ ಸಾರ್, ವಾಂಗಮ್ಮಾ” ಇದ್ದಕ್ಕಿದ್ದಂತೆ ಹಜಾರದೊಳಗೇ ಕೇಳಿಸಿತು. ಮೇಜಿನಡಿಯ ಯುಪಿಎಸ್ಸು ಕಿರುಚತೊಡಗಿತು. ಅದರ ಬ್ಯಾಟರಿ ಬದಲಾಯಿಸಬೇಕೆಂದು ನಾನು ಪ್ರತಿ ದಸರೆಗೂ ಅಂದುಕೊಳ್ಳುತ್ತೇನೆ. ಪರದೆ ಉರಿಯುತ್ತಿತ್ತು. ಎಷ್ಟು ಹೊತ್ತು ಉರಿಯುತ್ತದೆಂದು ದೇವರಿಗೂ ಗೊತ್ತಿರಲಿಲ್ಲ.

“ಮುಂದಿನದು ಯಾವ್ದು?” ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

“ಛತ್ರಿ ಮತ್ತು ಇನ್ಸ್‌ಪೆಕ್ಟರು.”

“ಆಯ್ತು. ಮುಂದೆ?”

“ಮುಂದೆ... ತಡಿಯೋ, ಕಣ್ಣು ಮಂಜಾಗ್ತಿದೆ.”

“ನಾನು ಓದ್ತೀನಿ ಸರೀರಿ” ಎಂದು ಹೆಂಡತಿ ನಮ್ಮಿಬ್ಬರ ನಡುವೆ ತಲೆ ತೂರಿಸಿದಳು. ತಲೆಬರಹ, ಕ್ಲಿಕ್ಕು, ಕಿರುಚು. ತಲೆಬರಹ, ಕ್ಲಿಕ್ಕು, ಕಿರುಚು. ಕಿರುಚು ಹತ್ತಿರಹತ್ತಿರವಾಗುತ್ತ ಬಂತು. ಅಕ್ಕ ನನ್ನ ತೋಳನ್ನು ಹಿಡಿದಿದ್ದಳು. ಮೌಸು ಹಿಡಿದ ತೋಳು ಅದೇ, ಆದರೂ ಬಿಡು ಎನ್ನಲಿಲ್ಲ. ಕೊನೆಯ ಬರಹಕ್ಕೆ ಹೆಸರು ಕೊಟ್ಟು ಕೈ ಎತ್ತಿದೆ. ಕರೆಂಟು ಬಂತು. ಮೊದಲೇ ಬಂದಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಮಾರನೆಯ ದಿನ ಆಯುಧಪೂಜೆ. ಉಳಿಸಿದ್ದನ್ನೆಲ್ಲ ಹೊಸ ರೀಡರಿಗೆ ಒಪ್ಪಿಸಿ, ಪೆನ್‌ಡ್ರೈವಿಗೂ ಹಾಕಿ, ಪೆನ್‌ಡ್ರೈವನ್ನು ದೇವರ ಮುಂದಿಟ್ಟು ಬಂದ ಮೇಲೆ, ಪ್ಲಾಸ್ಟರು ಕಿತ್ತು ಕಂಪ್ಯೂಟರನ್ನು ಆರಿಸಿದೆ. ಅದರ ಏದುಸಿರು ನಿಂತಾಗ ಮನೆ ವಿಚಿತ್ರವಾಗಿ ಸುಮ್ಮನಾಯಿತು. ಹೆಂಡತಿ ಮಾನಿಟರಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಆರತಿ ಎತ್ತಿದಳು. ಗೇಟಿನೆದುರು ಕುಂಬಳಕಾಯಿ ಒಡೆದೆ. ಇಡೀ ದಿನ ಆ ಮೂಲೆಯ ಸುತ್ತ ಸುಳಿದಾಡಿದೆ.

“ಒಂದೇ ಒಂದ್ಸಲ ಆನ್ ಮಾಡಿ ನೋಡ್ಲಾ?”

“ಮುಟ್ಟಿದ್ರೆ ನಾಳೆ ತಿಂಡಿ ಇಲ್ಲ.”

ಅವತ್ತು ಅಕ್ಕ ಆರಿದ ಪರದೆಯ ಮುಂದೆಯೇ ಕೂತು ಕಾಫಿ ಕುಡಿದಳು.

ವಿಜಯದಶಮಿಯ ಬೆಳಿಗ್ಗೆ ಕಾಫಿಗೂ ಮೊದಲು ಮೂವರೂ ಅದರ ಮುಂದೆ ನಿಂತೆವು. ಅದು ಎಂದಿನಂತೆ ನಿಧಾನವಾಗಿ ಎದ್ದಿತು. ಹಳೆಯ ಬ್ರೌಸರು ಹೇಳಿದ ಮಾತಿಗೆ ತಪ್ಪಲಿಲ್ಲ. ಹೊಸ ವೇಷದಲ್ಲಿ ಬಂದು, ರೀಡರು ಇದ್ದ ಜಾಗವನ್ನು ಗುಡಿಸಿ ಒರೆಸಿಟ್ಟಿತ್ತು. ಹೊಸದನ್ನು ತೆರೆದೆ. ಆಪಾರ ಕಪಾಟನ್ನು ಒತ್ತಿದೆ. ಬರಹಗಳೆಲ್ಲ ಇದ್ದವು. ಅಕ್ಕ ಬೇಕೆಂದೇ ಒಂದನ್ನು ತೆರೆಸಿ, ‘ಹಾಗೂ’ ಇದೆಯೇ ಎಂದು ನೋಡಿದಳು. ಇತ್ತು.

ಶನಿವಾರ ಆಪಾ ಬಂದರು. ಸೊಸೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು ಹೊರಟರು. ಆಪಾ ಮಾನಿಟರಿನ ಕುಂಕುಮ ನೋಡಿ ಹುಬ್ಬೇರಿಸಿದರು. ಅಕ್ಕ ಕನ್ನಡಕ ಒರೆಸಿಕೊಂಡು, ಮೇಲಿನದನ್ನು ಒತ್ತಿ ಓದತೊಡಗಿದಳು. ಅಕ್ಕಿ ಆರಿಸುವ ಪ್ರಸಂಗ, ಅದೂ ಚೆನ್ನಾಗಿದೆ. ಎರಡು ಸಾಲು ಓದುವಷ್ಟರಲ್ಲಿ ಟಕ್ ಟಕ್ ಎಂದು ಸದ್ದಾಯಿತು. ಆಪಾ ಎಡಗೈ ಗೆಣ್ಣಿನಿಂದ ಮೇಜನ್ನು ಕುಟ್ಟುತ್ತಿದ್ದರು, ಕ್ಲಾಸಿನಲ್ಲಿ ಲೆಕ್ಕ ತಪ್ಪಿದವರ ಬೆಂಚನ್ನು ಕುಟ್ಟುತ್ತಿದ್ದ ಹಾಗೆ.

“ಏನಾಯ್ತು ಆಪಾ?”

ಟಕ್ ಟಕ್.

ಅಕ್ಕ ಮುಂದಿನದನ್ನು ತೆರೆದಳು. ‘ಅತ್ತೆಯ ಚಷ್ಮಾ’. ಟಕ್ ಟಕ್ ಟಕ್.

ಬಗ್ಗಿ ನೋಡಿದೆ. ಹೊಸ ರೀಡರು ಎಲ್ಲದರ ಮೇಲೂ ನಾವು ಉಳಿಸಿದ ದಿನವನ್ನೇ ಬರೆದು, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿಟ್ಟಿತ್ತು. ಆಪಾ ವರ್ಷಗಟ್ಟಲೆ ಒಂದರ ಹಿಂದೊಂದು ಬರೆದದ್ದೆಲ್ಲ ಒಂದೇ ದಿನದ್ದಾಗಿ, ಹಾಜರಿ ಕೂಗಿಸಿಕೊಳ್ಳುವ ಮಕ್ಕಳ ಹಾಗೆ ನಿಂತಿತ್ತು. ಬಸ್ಸು ಎಲ್ಲೋ ನಡುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾನು ಯೋಚಿಸದೆ ಬಿಟ್ಟದ್ದು ಇದೊಂದೇ.

“ತಡೀರಿ ಆಪಾ, ಹುಡುಕ್ತೀನಿ” ಎಂದೆ.

“ಮಿಸ್ಸಿಗೆ ಕೋಪ ಬಂದಿದೆ, ಬೇಗ ಹುಡುಕೋ” ಎಂದಳು ಅಕ್ಕ. ಅವಳ ಮುಖದಲ್ಲಿ ನಗು ಹರಡುತ್ತಿತ್ತು.

ಟಕ್ ಟಕ್, ಟಕ್ ಟಕ್. ನಾನು ಸಾಲನ್ನು ಕೆಳಗಿಳಿಸುತ್ತ ಹೋದೆ. ಛತ್ರಿ ಬಂತು, ಡಬ್ಬಿ ಬಂತು, ನಲ್ಲಿ ಬಂತು. ಬಸ್ಸು ಬರುವವರೆಗೂ ಆಪಾ ಕೈ ನಿಲ್ಲಿಸಲಿಲ್ಲ.